ಸುತ್ತು ಟಿಕೆಟ್ಟು, ಹಿಮದ ಚಾರಣ, ಹಾಸ್ಟೆಲಿನ ಚಾಕರಿ: ಪುಕ್ಕಟೆ ಸಿಕ್ಕ ಒಂದು ವರ್ಷದ ಹೋಲಿಕೆ

2022ರ ಆಗಸ್ಟಿನಲ್ಲಿ ನನ್ನ ಬಿ.ಇ. ಮುಗಿದಾಗ ಕೈಯಲ್ಲಿ ನೇಮಕಾತಿ ಪತ್ರವಿತ್ತು, ಆದರೆ ಕೆಲಸಕ್ಕೆ ಸೇರುವ ದಿನಾಂಕ ಇರಲಿಲ್ಲ. ಆ ವರ್ಷ ಕ್ಯಾಂಪಸ್ಸಿನಲ್ಲಿ ಆಯ್ಕೆಯಾಗಿದ್ದ ಸಾವಿರಾರು ಜನರ ಪಾಡು ಇದೇ ಆಗಿತ್ತು. ‘ಶೀಘ್ರದಲ್ಲೇ ತಿಳಿಸಲಾಗುವುದು’ ಎಂಬ ಒಂದೇ ಸಾಲು ತಿಂಗಳಿಗೊಮ್ಮೆ ಇಮೇಲಿನಲ್ಲಿ ಬಂದು ಹೋಗುತ್ತಿತ್ತು. ತಿಪಟೂರಿನ ಮನೆಯಲ್ಲಿ ಅಪ್ಪ ಕೊಬ್ಬರಿ ಮಂಡಿಯಿಂದ ಬಂದವರೇ ಚಪ್ಪಲಿ ಬಿಡುವ ಮೊದಲು “ಏನಾದ್ರೂ ಬಂತೇನಮ್ಮ?” ಎಂದು ಕೇಳುವುದು, ನಾನು ಇಲ್ಲವೆಂದು ತಲೆಯಾಡಿಸುವುದು, ಅಮ್ಮ ಒಳಗಿನಿಂದ ಪಾತ್ರೆಯ ಸದ್ದನ್ನು ಸ್ವಲ್ಪ ಜೋರು ಮಾಡುವುದು, ಇದು ಎರಡು ತಿಂಗಳು ನಡೆಯಿತು. ಹಾಗಾಗಿ ನನ್ನ ಬಿಡುವಿನ ವರ್ಷ ನಾನಾಗಿ ಆರಿಸಿಕೊಂಡದ್ದಲ್ಲ, ತಲೆಯ ಮೇಲೆ ಬಂದು ಬಿದ್ದದ್ದು. ಬಿದ್ದದ್ದನ್ನು ಹೇಗೆ ಖರ್ಚು ಮಾಡಬೇಕೆಂಬುದನ್ನು ಮಾತ್ರ ನಾನೇ ತೀರ್ಮಾನಿಸಿದೆ. ಇಂಟರ್ನ್‌ಶಿಪ್ಪಿನಲ್ಲಿ ಉಳಿಸಿದ್ದು, ಪಿಯುಸಿ ಮಕ್ಕಳಿಗೆ ಗಣಿತ ಹೇಳಿಕೊಟ್ಟು ಬಂದದ್ದು ಎಲ್ಲ ಸೇರಿ ಅರವತ್ತು ಸಾವಿರ ರೂಪಾಯಿ ಇತ್ತು. ಮನೆಯಿಂದ ಒಂದು ರೂಪಾಯಿಯನ್ನೂ ಕೇಳುವುದಿಲ್ಲವೆಂಬುದು ನಾನೇ ಹಾಕಿಕೊಂಡ ಷರತ್ತು. ಕೇಳಿದ್ದರೂ ಕೊಡುತ್ತಿರಲಿಲ್ಲ, ಆ ಮಾತು ಬೇರೆ.

ಆ ವರ್ಷದಲ್ಲಿ ಮೂರು ಬಗೆಯ ತಿರುಗಾಟವನ್ನು ಪರೀಕ್ಷಿಸಿದೆ. ಮೊದಲನೆಯದು ರೈಲ್ವೆಯ ಸುತ್ತು ಟಿಕೆಟ್ಟಿನಲ್ಲಿ ಒಬ್ಬಳೇ ಒಂದೂವರೆ ತಿಂಗಳು ದೇಶ ಸುತ್ತಿದ್ದು, ಎರಡನೆಯದು ಯೂತ್ ಹಾಸ್ಟೆಲ್ಸ್ ಅಸೋಸಿಯೇಶನ್ನಿನ ಹಿಮಾಲಯ ಚಾರಣ, ಮೂರನೆಯದು ಬೆಟ್ಟದೂರಿನ ಪ್ರವಾಸಿ ಹಾಸ್ಟೆಲೊಂದರಲ್ಲಿ ಊಟ, ಹಾಸಿಗೆಗೆ ಬದಲಾಗಿ ದುಡಿದದ್ದು. ಮೂರರಲ್ಲಿ ನನಗೆ ಹಿಡಿಸಿದ್ದು ಸುತ್ತು ಟಿಕೆಟ್ಟು ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಮುಂದೆ ಬರೆದಿರುವುದೆಲ್ಲ ಆ ಒಲವಿನಲ್ಲೇ ಬರೆದದ್ದು. ಬೈಕಿನಲ್ಲಿ ಲಡಾಖಿಗೆ ಹೋಗುವುದನ್ನು ಪರಿಗಣಿಸಲಿಲ್ಲ, ನನಗೆ ಸ್ಕೂಟರಿನಾಚೆ ಏನೂ ಓಡಿಸಲು ಬರುವುದಿಲ್ಲ. ಎಸ್‌ಬಿಐ ಯೂತ್ ಫಾರ್ ಇಂಡಿಯಾ ಫೆಲೋಶಿಪ್ಪಿನ ಆಸೆ ಇತ್ತು, ಆದರೆ ಅದು 13 ತಿಂಗಳ ಕಟ್ಟುಪಾಡು, ಸೇರುವ ದಿನಾಂಕ ಯಾವತ್ತು ಬೇಕಾದರೂ ಬರಬಹುದೆಂದು ಕಾದು ಕುಳಿತವಳಿಗೆ ಹೊಂದುವಂಥದ್ದಲ್ಲ.

ಸುತ್ತು ಟಿಕೆಟ್ಟೆಂದರೆ ಕೌಂಟರಿನವರ ಬಾಯಲ್ಲಿ ‘ಸರ್ಕ್ಯುಲರ್ ಜರ್ನಿ ಟಿಕೆಟ್’. ಹೊರಟ ನಿಲ್ದಾಣಕ್ಕೇ ಮರಳಿ ಬರಬೇಕು, ನಡುವೆ ಹೆಚ್ಚೆಂದರೆ ಎಂಟು ಕಡೆ ಇಳಿದು ಉಳಿಯಬಹುದು. ಇಡೀ ಸುತ್ತಿನ ದೂರವನ್ನು ಎರಡು ಪಾಲು ಮಾಡಿ, ಎರಡು ದೀರ್ಘ ಪ್ರಯಾಣದ ಟಿಕೆಟ್ಟುಗಳೆಂಬಂತೆ ದರ ಕಟ್ಟುತ್ತಾರೆ. ದೂರ ಹೆಚ್ಚಿದಂತೆಲ್ಲ ಕಿಲೋಮೀಟರಿಗೆ ಬೀಳುವ ದರ ಇಳಿಯುತ್ತ ಹೋಗುವುದು ನಮ್ಮ ರೈಲ್ವೆಯ ಪದ್ಧತಿಯಾದ್ದರಿಂದ, ಒಂಬತ್ತು ತುಂಡು ಪ್ರಯಾಣಗಳಿಗೆ ಬಿಡಿಬಿಡಿಯಾಗಿ ಕೊಡುವುದಕ್ಕಿಂತ ಇದು ಅಗ್ಗವಾಗುತ್ತದೆ. ನನ್ನ ಸುತ್ತು ಬೆಂಗಳೂರಿನಿಂದ ಹೊರಟು ಸೊಲ್ಲಾಪುರ, ಮುಂಬೈ, ಅಹಮದಾಬಾದ್, ಅಜ್ಮೀರ್, ದೆಹಲಿ, ವಾರಾಣಸಿ, ಹೌರಾ, ಭುವನೇಶ್ವರಗಳಲ್ಲಿ ನಿಂತು, ಚೆನ್ನೈ ಮೇಲೆ ಬೆಂಗಳೂರಿಗೆ ಬರುವಂಥದ್ದು. ಒಟ್ಟು ಸುಮಾರು 6,000 ಕಿಲೋಮೀಟರ್. ಸ್ಲೀಪರ್ ದರ್ಜೆಯಲ್ಲಿ ಟಿಕೆಟ್ಟಿಗೆ ಎರಡು ಸಾವಿರ ರೂಪಾಯಿಯ ಆಸುಪಾಸು ತಗುಲಿತು. ಪ್ರತಿ ತುಂಡಿಗೂ ಮುಂಗಡ ಕಾಯ್ದಿರಿಸುವಿಕೆಗೆ 20 ರೂಪಾಯಿ, ಸೂಪರ್‌ಫಾಸ್ಟ್ ಆದರೆ ಇನ್ನು 30 ರೂಪಾಯಿ ಬೇರೆ. ಬಿಡಿಯಾಗಿ ಕೊಂಡಿದ್ದರೆ ಮೂರು ಸಾವಿರ ದಾಟುತ್ತಿತ್ತು. ಟಿಕೆಟ್ಟಿನ ಅವಧಿಯನ್ನು ದೂರ ನೋಡಿ ನಿಗದಿ ಮಾಡುತ್ತಾರೆ, ನನಗೆ ನವೆಂಬರ್ 20ರಿಂದ ಜನವರಿ 3ರವರೆಗೆ ಸಿಕ್ಕಿತು.

ಇದು ಮೊಬೈಲಿನಲ್ಲಿ ಸಿಗುವ ಟಿಕೆಟ್ಟಲ್ಲ. ಎಲ್ಲಿಂದ ಎಲ್ಲಿಗೆ, ಯಾವ ಮಾರ್ಗವಾಗಿ, ಎಲ್ಲೆಲ್ಲಿ ನಿಲುಗಡೆ ಎಂದು ಬರೆದು ರೈಲ್ವೆಯ ವಾಣಿಜ್ಯ ವಿಭಾಗಕ್ಕೆ ಅರ್ಜಿ ಕೊಟ್ಟು, ಅವರು ದರ ಲೆಕ್ಕ ಹಾಕಿಕೊಟ್ಟ ಮೇಲೆ ಟಿಕೆಟ್ಟು ಕೊಂಡು, ಅದನ್ನು ಹಿಡಿದು ರಿಸರ್ವೇಶನ್ ಕೌಂಟರಿನಲ್ಲಿ ಒಂದೊಂದು ತುಂಡಿಗೂ ಒಂದೊಂದು ಚೀಟಿ ತುಂಬಬೇಕು. ಮೊದಲ ಸಲ ಹೋದಾಗ ಕೌಂಟರಿನಲ್ಲಿದ್ದವರಿಗೇ ಇಂಥದ್ದೊಂದು ಇರುವುದು ಮರೆತುಹೋಗಿತ್ತು. ಹಳೆಯ ಸಿಬ್ಬಂದಿಯೊಬ್ಬರು ಒಳಗಿನಿಂದ ಬಂದು “ಇದೆ, ಇದೆ, ಈಗ ಯಾರೂ ಕೇಳಲ್ಲ ಅಷ್ಟೆ” ಎಂದು ದಾರಿ ತೋರಿಸಿದರು. ಒಂಬತ್ತು ಚೀಟಿಗಳನ್ನು ಒಂದರ ಮೇಲೊಂದು ಕಿಂಡಿಯೊಳಗೆ ತೂರಿಸುತ್ತಿದ್ದಾಗ, ಐದನೆಯದರ ಹೊತ್ತಿಗೆ ಹಿಂದೆ ನಿಂತಿದ್ದ ಹಿರಿಯರೊಬ್ಬರು “ಇಡೀ ರೈಲನ್ನೇ ಬರ್ಕೊಟ್ಬಿಡಿ ಸ್ವಾಮಿ ಆ ಹುಡುಗಿಗೆ” ಎಂದರು. ಆಗ 120 ದಿನ ಮುಂಚಿತವಾಗಿ ಕಾಯ್ದಿರಿಸಬಹುದಿತ್ತು. 2024ರ ನವೆಂಬರಿನಿಂದ ಅದು 60 ದಿನಕ್ಕಿಳಿದಿದೆ, ಈಗ ಹೊರಡುವವರು ಅದಕ್ಕೆ ತಕ್ಕಂತೆ ಯೋಜಿಸಿಕೊಳ್ಳಬೇಕು. ದೂರದ ರೈಲುಗಳ ಸ್ಲೀಪರ್ ದರ್ಜೆಯಲ್ಲಿ ಹೆಂಗಸರಿಗೆಂದು ಆರು ಬರ್ತುಗಳ ಮೀಸಲು ಇರುವುದು ನನಗೆ ಎರಡು ಕಡೆ ನೆರವಿಗೆ ಬಂತು, ಚೀಟಿ ತುಂಬುವಾಗಲೇ ಅದನ್ನು ಕೇಳಬೇಕು.

ಇಷ್ಟೆಲ್ಲ ರಗಳೆ ಬೇಡವೆನ್ನುವವರಿಗೆ ಮಾಮೂಲಿ ಟಿಕೆಟ್ಟಿನಲ್ಲಿಯೂ ಸಣ್ಣ ಸವಲತ್ತಿದೆ: ಸಾವಿರ ಕಿಲೋಮೀಟರಿಗಿಂತ ಹೆಚ್ಚಿನ ಪ್ರಯಾಣವಾದರೆ ನಡುವೆ ಎರಡು ಕಡೆ, ತಲಾ ಎರಡು ದಿನದ ಮಟ್ಟಿಗೆ ಇಳಿದು ಮತ್ತೆ ಅದೇ ಟಿಕೆಟ್ಟಿನಲ್ಲಿ ಮುಂದುವರಿಯಬಹುದು. ಮೊದಲ ಇಳಿತ 500 ಕಿಲೋಮೀಟರ್ ಕಳೆದ ಮೇಲಾಗಬೇಕು, ರಾಜಧಾನಿ, ಶತಾಬ್ದಿಯಂಥ ರೈಲುಗಳಿಗೆ ಇದು ಅನ್ವಯಿಸುವುದಿಲ್ಲ.

ಮೊದಲ ನಿಲುಗಡೆಯಾಗಿ ಸೊಲ್ಲಾಪುರವನ್ನು ಆರಿಸಿದ್ದು ಇಡೀ ಯೋಜನೆಯಲ್ಲಿ ನಾನು ಮಾಡಿದ ಅತ್ಯಂತ ಬುದ್ಧಿವಂತಿಕೆಯ ಕೆಲಸ. ಅದು ಸಿದ್ಧರಾಮನ ಸೊನ್ನಲಿಗೆ. ಕೆರೆಯ ನಡುವಿನ ಸಿದ್ಧೇಶ್ವರ ಗುಡಿಯಲ್ಲಿ ಹೂವಿನವಳು ನನ್ನ ಹರಕು ಹಿಂದಿಯನ್ನು ಒಂದು ನಿಮಿಷ ಕೇಳಿ, “ಕನ್ನಡದಾಗ ಮಾತಾಡವಾ, ಯಾಕ ಕಷ್ಟಪಡ್ತಿ” ಎಂದಳು. ಮನೆಬಿಟ್ಟು ಹೊರಟವರ ಮೊದಲ ರಾತ್ರಿ ತಮ್ಮ ಭಾಷೆ ನಡೆಯುವ, ಆದರೆ ತಮ್ಮದಲ್ಲದ ಊರಿನಲ್ಲಿ ಕಳೆಯುವುದು ಒಳ್ಳೆಯದು. ಎರಡನೆಯ ನಿಲುಗಡೆ ಮುಂಬೈ, ಅಲ್ಲಿ ಡೊಂಬಿವಿಲಿಯಲ್ಲಿ ದೊಡ್ಡಮ್ಮನ ಮನೆ. ದೊಡ್ಡಮ್ಮ ನನ್ನನ್ನು ನೋಡಿ ಮೊದಲು ಬೈದಳು, ಆಮೇಲೆ ಡಬ್ಬಿ ತುಂಬ ಚಕ್ಕುಲಿ ಕೊಟ್ಟಳು, ಆ ಚಕ್ಕುಲಿ ದೆಹಲಿಯವರೆಗೆ ಬಂತು. ಪುರಿ ನೋಡಲೇಬೇಕಿತ್ತು, ಆದರೆ ಅದು ಖುರ್ದಾ ರೋಡಿನಿಂದ ಒಳಕ್ಕೆ ಹೋಗುವ ಕವಲು ಮಾರ್ಗದಲ್ಲಿರುವುದರಿಂದ ಪಟ್ಟಿಗೆ ಸೇರಿಸದೆ, ಭುವನೇಶ್ವರದಲ್ಲಿ ಚೀಲವಿಟ್ಟು ಬೇರೆ ಟಿಕೆಟ್ಟಿನಲ್ಲಿ ಹೋಗಿಬಂದೆ. ಹೌರಾ ನಿಲ್ದಾಣದಿಂದ ಹೊರಬಿದ್ದು ಬಸ್ಸು ಹುಡುಕುವ ಬದಲು ಎದುರಿಗೇ ಇರುವ ಘಾಟಿಗೆ ಹೋಗಿ ಹೂಗ್ಲಿಯನ್ನು ದೋಣಿಯಲ್ಲಿ ದಾಟಬೇಕು, ಕಲ್ಕತ್ತೆಗೆ ಹೋಗುವ ಸರಿಯಾದ ಬಗೆ ಅದೇ.

ರೈಲು ನನಗೆ ಏಕೆ ಹೊಂದಿತೆಂಬುದಕ್ಕೆ ದೊಡ್ಡ ಕಾರಣವೇನೂ ಇಲ್ಲ. ನಾನು ಬೆಳಗಿನ ಜಾವ ಏಳುವವಳು, ಎಲ್ಲಿ ಬೇಕಾದರೂ ಮಲಗುವವಳು, ಹತ್ತು ಜನರ ನಡುವೆ ಮಾತಾಡದೆ ಕೂರಬಲ್ಲವಳು. ಸೈಡ್ ಲೋಯರ್ ಬರ್ತಿನಲ್ಲಿ ಎರಡು ಸೀಟುಗಳನ್ನು ಒರಗಿಸಿ ಹಾಸಿಗೆ ಮಾಡಿದಾಗ ನಡುವೆ ಒಂದು ಬಿರುಕು ಉಳಿಯುತ್ತದೆಯಲ್ಲ, ಅದರ ಮೇಲೆ ಶಾಲನ್ನು ನಾಲ್ಕು ಮಡಿಕೆ ಮಾಡಿ ಹಾಕಿಕೊಳ್ಳುವುದನ್ನು ಮೂರನೆಯ ಪ್ರಯಾಣದಲ್ಲಿ ಕಲಿತೆ. ಅಲ್ಲಿಂದ ಮುಂದೆ ನನಗೆ ಮನೆಯ ಮಂಚಕ್ಕಿಂತ ಚೆನ್ನಾಗಿ ನಿದ್ದೆ ಬರುತ್ತಿತ್ತು. ಅಹಮದಾಬಾದಿನಿಂದ ಅಜ್ಮೀರಿನ ದಾರಿಯಲ್ಲಿ ನಸುಕಿಗೆ ಎಚ್ಚರವಾಗಿ ಕಿಟಕಿಯ ತಗಡನ್ನು ಎತ್ತಿದರೆ, ಅರಾವಳಿಯ ಬೋಳುಗುಡ್ಡದ ಬುಡದಲ್ಲಿ ಒಬ್ಬಾತ ಒಂಟೆಗೆ ಕಂಬಳಿ ಹೊದಿಸುತ್ತಿದ್ದ. ತಾನು ಹೊದ್ದಿದ್ದ ಕಂಬಳಿಯನ್ನೇ ತೆಗೆದು ಹೊದಿಸುತ್ತಿದ್ದ. ರೈಲು ಸಿಗ್ನಲ್ಲಿಗೆ ನಿಂತಿದ್ದರಿಂದ ಅವನು ಆ ಕೆಲಸ ಮುಗಿಸುವವರೆಗೂ ನೋಡಿದೆ.

ಈಗ ಸುತ್ತು ಟಿಕೆಟ್ಟಿನ ದೊಡ್ಡ ತೊಡಕಿಗೆ ಬರುತ್ತೇನೆ. ತೊಡಕು ರೈಲಿನದಲ್ಲ, ರೈಲಿನಿಂದ ಇಳಿದ ಮೇಲಿನದು. ನಮ್ಮ ದೇಶದಲ್ಲಿ ಒಂಟಿಯಾಗಿ ಬಂದವರಿಗೆ, ಅದರಲ್ಲೂ ಒಂಟಿ ಹೆಣ್ಣಿಗೆ, ಅಗ್ಗದ ಕೋಣೆ ಸಿಗುವುದು ಕಷ್ಟ. ದಿನಕ್ಕೆ ಎರಡು ಸಾವಿರ ಕೊಡುವ ಶಕ್ತಿಯಿದ್ದರೆ ಈ ಪ್ರಶ್ನೆಯೇ ಬರುವುದಿಲ್ಲ, ಹೋಟೆಲಿನವರು ಆಧಾರ್ ನೋಡಿ ಬೀಗದಕೈ ಕೊಡುತ್ತಾರೆ. ಮುನ್ನೂರು, ನಾನೂರು ರೂಪಾಯಿಯ ಧರ್ಮಶಾಲೆ ಮತ್ತು ಲಾಡ್ಜುಗಳಲ್ಲಿ ಮಾತ್ರ ಮೊದಲ ಪ್ರಶ್ನೆ ‘ಜೊತೆಗೆ ಯಾರು?’ ಎಂಬುದೇ. ಪ್ರಾಪ್ತ ವಯಸ್ಸಿನವರು ಒಬ್ಬರೇ ಬಂದರೆ ಕೋಣೆ ಕೊಡಬಾರದೆಂದು ಯಾವ ಕಾನೂನೂ ಇಲ್ಲ, ಇದು ಅವರವರೇ ಮಾಡಿಕೊಂಡ ಕಟ್ಟಳೆ. ಅಹಮದಾಬಾದಿನಲ್ಲಿ ಇದರ ರುಚಿ ಸ್ವಲ್ಪ ಸಿಕ್ಕಿತ್ತು, ಮೂರು ಕಡೆ ಇಲ್ಲವೆನಿಸಿಕೊಂಡು ನಾಲ್ಕನೆಯ ಕಡೆ ಸಿಕ್ಕಿತ್ತು. ಆಗ ಮಧ್ಯಾಹ್ನವಾಗಿತ್ತು, ಹೊಟ್ಟೆ ತುಂಬಿತ್ತು, ನಕ್ಕು ಸುಮ್ಮನಾಗಿದ್ದೆ.

ವಾರಾಣಸಿಗೆ ಬಂದದ್ದು ಡಿಸೆಂಬರ್ 21ಕ್ಕೆ, ಗಂಗಾ ಬಯಲಿನಲ್ಲಿ ಮಂಜು ಕವಿಯುವ ಕಾಲ. ಮಧ್ಯಾಹ್ನ ಮೂರಕ್ಕೆ ತಲುಪಬೇಕಿದ್ದ ರೈಲು ರಾತ್ರಿ ಒಂಬತ್ತೂವರೆಗೆ ತಲುಪಿತು. ಫೋನಿನಲ್ಲಿ ಮಾತಾಡಿ ಕೋಣೆ ಹೇಳಿಟ್ಟಿದ್ದ ಧರ್ಮಶಾಲೆಗೆ ಸೈಕಲ್ ರಿಕ್ಷಾದಲ್ಲಿ ಹೋದೆ. ಹಲಗೆಯ ಮೇಜು, ಅದರ ಮೇಲೆ ಉದ್ದನೆಯ ರಿಜಿಸ್ಟರ್, ಕಿವಿಗೆ ಮಫ್ಲರ್ ಸುತ್ತಿಕೊಂಡ ಗುಮಾಸ್ತ. ಹೆಸರು ಬರೆದರು, ಊರು ಬರೆದರು, ತಂದೆಯ ಹೆಸರು ಬರೆದರು. ‘ಸಂಖ್ಯೆ’ ಎಂಬ ಅಂಕಣಕ್ಕೆ ಬಂದಾಗ ಪೆನ್ನು ನಿಂತಿತು. “ಸಾಥ್ ಮೇ ಕೌನ್ ಹೈ?” ಎಂದರು. ಯಾರೂ ಇಲ್ಲವೆಂದೆ. ನನ್ನ ಹಿಂದಿನ ಬಾಗಿಲ ಕಡೆಗೊಮ್ಮೆ ನೋಡಿ, ಬರೆದಿದ್ದ ಸಾಲಿನ ಮೇಲೆ ಅಡಿಪಟ್ಟಿಯಿಟ್ಟು ನೇರವಾದ ಗೆರೆ ಎಳೆದು ಹೊಡೆದುಹಾಕಿದರು. ಅಡಿಪಟ್ಟಿ ಇಟ್ಟು ಹೊಡೆದರೆಂಬುದೇ ನನಗೆ ಇವತ್ತಿಗೂ ನೆನಪಿರುವುದು, ಅಷ್ಟು ಅಚ್ಚುಕಟ್ಟು.

ವಾದ ಮಾಡಿದೆ. ಫೋನಿನಲ್ಲಿ ಒಪ್ಪಿದ್ದೀರಲ್ಲ ಎಂದೆ. ಫೋನಿನಲ್ಲಿ ಫ್ಯಾಮಿಲಿ ಎಂದುಕೊಂಡಿದ್ದೆವು ಎಂದರು. ಕಾರಣ ಕೇಳಿದ್ದಕ್ಕೆ, ಒಂಟಿಯಾಗಿ ಬಂದವರು ಕೋಣೆಯೊಳಗೆ ಜೀವಕ್ಕೇನಾದರೂ ಮಾಡಿಕೊಂಡರೆ ಪೊಲೀಸರಿಗೆ ಉತ್ತರ ಹೇಳುವವರು ತಾವು ಎಂಬರ್ಥದ ಮಾತು ಬಂತು. ಸಾಯಲು ಬಂದವಳು ಇಪ್ಪತ್ತೊಂದನೆಯ ತಾರೀಕಿಗೆ ಬಂದು ಇಪ್ಪತ್ತಾರನೆಯ ತಾರೀಕಿಗೆ ಹೌರಾಕ್ಕೆ ಬರ್ತ್ ಕಾಯ್ದಿರಿಸಿಕೊಂಡಿರುತ್ತಾಳೆಯೇ ಎಂದು ಟಿಕೆಟ್ಟು ತೋರಿಸಿದೆ. ಅವರಿಗೆ ನಗು ಬಂತು, ಕೋಣೆ ಬರಲಿಲ್ಲ. ಕೊನೆಗೆ, ಮನೆಯವರ ಹತ್ತಿರ ಮಾತಾಡಿಸು, ನೋಡೋಣ ಎಂದರು. ಅಪ್ಪನಿಗೆ ಕರೆ ಮಾಡಿ ಸ್ಪೀಕರ್ ಹಾಕಿದೆ. ಅಪ್ಪನಿಗೆ ಹಿಂದಿ ಬರುವುದಿಲ್ಲ. ಗುಮಾಸ್ತರು ಹಿಂದಿಯಲ್ಲಿ ಏನೇನೋ ಕೇಳಿದರು. ಅತ್ತ ಕಡೆಯಿಂದ ಅಪ್ಪ ಪ್ರತಿಯೊಂದಕ್ಕೂ, “ಅವ್ಳು ನಮ್ಮ ಮಗ್ಳು ಸ್ವಾಮಿ. ಒಳ್ಳೆ ಹುಡ್ಗಿ. ರೂಮ್ ಕೊಡಿ ಸ್ವಾಮಿ” ಎಂದು ಕನ್ನಡದಲ್ಲೇ ಹೇಳುತ್ತಿದ್ದರು. ಮೂರು ಸಲ ಹೇಳಿದರು. ಇಬ್ಬರೂ ಗೌರವದಿಂದಲೇ ಮಾತಾಡಿದರು, ಒಬ್ಬರದೊಬ್ಬರಿಗೆ ತಿಳಿಯಲಿಲ್ಲ. ನಾನೇ ನಡುವೆ ದುಭಾಷಿಯಾಗಬಹುದಿತ್ತು. ಆದರೆ ನನ್ನ ಬಗ್ಗೆ ನಾನೇ ‘ಒಳ್ಳೆಯ ಹುಡುಗಿ’ ಎಂದು ಹಿಂದಿಗೆ ಅನುವಾದಿಸಿ ಹೇಳುವುದಕ್ಕೆ ನಾಲಗೆ ಏಳಲಿಲ್ಲ. ಫೋನನ್ನು ತೆಗೆದುಕೊಂಡು, ಕೋಣೆ ಸಿಕ್ಕಿತು ಅಪ್ಪ, ಮಲಗಿಕೊಳ್ಳಿ ಎಂದು ಸುಳ್ಳು ಹೇಳಿ ಹೊರಗೆ ಬಂದೆ.

ಆ ರಾತ್ರಿಯನ್ನು ವಾರಾಣಸಿ ನಿಲ್ದಾಣದ ಹೆಂಗಸರ ವೇಟಿಂಗ್ ರೂಮಿನಲ್ಲಿ ಕಳೆದೆ. ಅಲ್ಲಿಯೂ ಒಂದು ರಿಜಿಸ್ಟರ್ ಇತ್ತು, ಅದರಲ್ಲಿ ‘ಜೊತೆಗೆ ಯಾರು’ ಎಂಬ ಅಂಕಣ ಇರಲಿಲ್ಲ, ಪಿಎನ್‌ಆರ್ ಸಂಖ್ಯೆಯ ಅಂಕಣ ಮಾತ್ರ ಇತ್ತು. ಅದನ್ನು ಕಾಯುತ್ತಿದ್ದ ಹೆಂಗಸು, ನಾನು ಚೀಲವನ್ನು ತಲೆಗಿಟ್ಟುಕೊಳ್ಳುತ್ತಿದ್ದುದನ್ನು ನೋಡಿ, ಮೇಲೆಯೇ ರಿಟೈರಿಂಗ್ ರೂಮ್ ಇದೆಯಲ್ಲ, ಬೆಳಿಗ್ಗೆ ಕೇಳು ಎಂದಳು. ರಿಟೈರಿಂಗ್ ರೂಮೆಂದರೆ ನಿಲ್ದಾಣದಲ್ಲೇ ರೈಲ್ವೆ ಬಾಡಿಗೆಗೆ ಕೊಡುವ ಕೋಣೆ. ಅಲ್ಲಿಯವರೆಗೆ ಅದು ಅಧಿಕಾರಿಗಳಿಗೆ ಮಾತ್ರವೆಂದು ನಾನು ತಿಳಿದಿದ್ದೆ. ಖಚಿತವಾದ ಅಥವಾ ಆರ್‌ಎಸಿ ಟಿಕೆಟ್ಟಿನ ಪಿಎನ್‌ಆರ್ ಇರುವ ಯಾವ ಪ್ರಯಾಣಿಕರಾದರೂ ತಾವು ಹತ್ತುವ ಅಥವಾ ಇಳಿಯುವ ನಿಲ್ದಾಣದಲ್ಲಿ ಅದನ್ನು ಕಾಯ್ದಿರಿಸಬಹುದು, ಗರಿಷ್ಠ 48 ಗಂಟೆ ಇರಬಹುದು, ಹಲವು ನಿಲ್ದಾಣಗಳಲ್ಲಿ ಇದನ್ನು ಮೊಬೈಲಿನಲ್ಲೇ ಮಾಡಬಹುದು. ಸುತ್ತು ಟಿಕೆಟ್ಟಿನಲ್ಲಿ ಪ್ರತಿ ತುಂಡಿಗೂ ಬೇರೆ ಬೇರೆ ಪಿಎನ್‌ಆರ್ ಇರುವುದರಿಂದ, ಎಂಟೂ ನಿಲುಗಡೆಗಳಲ್ಲಿ ನನಗೆ ಈ ಹಕ್ಕು ಮೊದಲಿನಿಂದಲೂ ಇತ್ತು. ಅದು ಆರನೆಯ ನಿಲುಗಡೆಯಲ್ಲಿ ತಿಳಿಯಿತು.

ಆದರೂ ಇದನ್ನು ಪೂರ್ತಿ ಪರಿಹಾರವೆನ್ನಲಾರೆ. ಡಾರ್ಮಿಟರಿಗಳು ಅಗ್ಗ, ಆದರೆ ಬಹಳಷ್ಟು ಕಡೆ ಗಂಡಸರಿಗೆ ಮಾತ್ರ. ಕೋಣೆಗಳು ಬೇಗ ತುಂಬುತ್ತವೆ. ಎರಡು ದಿನ ಕಳೆದರೆ ಜಾಗ ಖಾಲಿ ಮಾಡಬೇಕು, ನಾನು ಉಳಿದ ಮೂರು ದಿನಕ್ಕೆ ಬೇರೆ ಕಡೆ ಹೆಚ್ಚು ದುಡ್ಡು ತೆತ್ತು ಇರಬೇಕಾಯಿತು. ಇಡೀ ರಾತ್ರಿ ಧ್ವನಿವರ್ಧಕದ ಘೋಷಣೆ ಕೇಳುತ್ತಿರುತ್ತದೆ, ಅದು ನನಗೆ ಜೋಗುಳ, ಎಲ್ಲರಿಗೂ ಅಲ್ಲ. ಹಾಗೂ ಬೇಕೆಂದಾಗ ಕೋಣೆ ಸಿಗುವುದೆಂಬ ನಂಬಿಕೆಯಲ್ಲಿ ಹೊರಡುವವರು ಒಂದು ತಪ್ಪದ ಪಾಠವನ್ನು ನನ್ನ ಖರ್ಚಿನಲ್ಲಿ ಕಲಿತುಕೊಳ್ಳಬಹುದು: ಫೋನಿನಲ್ಲಿ ಕೋಣೆ ಕೇಳುವಾಗ ಮೊದಲ ವಾಕ್ಯವೇ ‘ನಾನು ಒಬ್ಬಳೇ ಬರುತ್ತಿದ್ದೇನೆ’ ಎಂದಿರಬೇಕು. ನಿರಾಕರಣೆ ಊರಲ್ಲಿ ಕುಳಿತು ಕೇಳಿಸಿಕೊಂಡರೆ ಅಷ್ಟು ನೋಯುವುದಿಲ್ಲ.

ಚಾರಣದಲ್ಲಿ ಈ ಗೋಳು ಒಂದಿಷ್ಟೂ ಇಲ್ಲ, ಒಬ್ಬರೇ ಬರುವುದು ಅಲ್ಲಿ ಮಾಮೂಲು. 2023ರ ಮೇ ತಿಂಗಳಿನಲ್ಲಿ ಕರ್ನಾಟಕ ಎಕ್ಸ್‌ಪ್ರೆಸ್ಸಿನಲ್ಲಿ ದೆಹಲಿಗೆ, ಅಲ್ಲಿಂದ ಬಸ್ಸಿನಲ್ಲಿ ಕುಲು ಜಿಲ್ಲೆಯ ಕಸೋಲಿಗೆ ಹೋಗಿ ಸಾರ್ ಪಾಸ್ ಚಾರಣ ಮಾಡಿದೆ. ವೈದ್ಯರ ಪ್ರಮಾಣಪತ್ರ, ಸದಸ್ಯತ್ವ ಇಷ್ಟಿದ್ದರೆ ಸಾಕು, ಊಟ, ಡೇರೆ, ಮಾರ್ಗದರ್ಶಕರು, ಬೆನ್ನಿಗೆ ಹಾಕುವ ರಕ್‌ಸ್ಯಾಕ್ ಕೂಡ ಅವರದೇ. ಮೊದಲ ಎರಡು ದಿನ ಪಾರ್ವತಿ ನದಿಯ ದಂಡೆಯ ಬಿಡಾರದಲ್ಲಿ ಹವೆಗೆ ಒಗ್ಗಿಸುವ ನಡಿಗೆ, ಬಂಡೆ ಏರುವ ಅಭ್ಯಾಸ, ಆಮೇಲೆ ಗ್ರಹಣ್ ಹಳ್ಳಿಯ ದಾರಿ ಹಿಡಿದು ಮೇಲಕ್ಕೆ. ಕೊನೆಯ ಎತ್ತರಕ್ಕೆ ನಗಾರು ಬಿಡಾರದಿಂದ ನಡುರಾತ್ರಿ ಕಳೆದ ಸ್ವಲ್ಪ ಹೊತ್ತಿಗೇ ಹೊರಡಬೇಕು, ಬಿಸಿಲೇರಿದರೆ ಹಿಮ ಮೆತ್ತಗಾಗಿ ಕಾಲು ಹೂತುಹೋಗುತ್ತದೆ. ಸುಮಾರು 13,800 ಅಡಿಯ ಆ ಕಣಿವೆದಾರಿಯನ್ನು ದಾಟಿದ ಮೇಲೆ ಬಿಸ್ಕೇರಿಯ ಕಡೆಗೆ ಇಳಿಯುವುದು ನಡೆದಲ್ಲ, ಕುಳಿತು. ಹಿಮದ ಇಳಿಜಾರಿನಲ್ಲಿ ಹಿಂದಿನವರು ಜಾರಿ ಜಾರಿ ಮಾಡಿಟ್ಟ ಕಾಲುವೆಯಂಥ ಗೆರೆಯಲ್ಲಿ ಕೈ ಎದೆಗೆ ಕಟ್ಟಿಕೊಂಡು ಕುಳಿತರೆ ಮುಗಿಯಿತು, ಮುಂದಿನದು ಬೆಟ್ಟದ ಕೆಲಸ. ತಿಪಟೂರಿನ ಶಾಲೆಯ ಜಾರುಬಂಡೆಯ ಮೇಲೆ ಹೆದರಿ ಅಳುತ್ತಿದ್ದವಳು ಅಲ್ಲಿ ಕೂಗಿಕೊಂಡ ಕೂಗಿಗೆ ಕೆಳಗಿದ್ದವರೆಲ್ಲ ತಿರುಗಿ ನೋಡಿದರು. ಆ ಎರಡು ನಿಮಿಷಕ್ಕೆ ಸಮನಾದದ್ದು ಒಂದೂವರೆ ತಿಂಗಳ ರೈಲಿನಲ್ಲಿ ಸಿಗಲಿಲ್ಲವೆಂಬುದನ್ನು ಒಪ್ಪುತ್ತೇನೆ.

ಹಾಗಾದರೆ ಅದೇ ಏಕೆ ಮೊದಲ ಸ್ಥಾನದಲ್ಲಿಲ್ಲ? ನನ್ನ ಸ್ವಭಾವದಿಂದ. ಚಾರಣವೆಂದರೆ ನಲವತ್ತು, ಐವತ್ತು ಜನರ ತಂಡ. ಸೀಟಿ ಊದಿದಾಗ ಏಳಬೇಕು, ಸೀಟಿ ಊದಿದಾಗ ತಟ್ಟೆ ಹಿಡಿದು ಸಾಲಿಗೆ ನಿಲ್ಲಬೇಕು, ರಾತ್ರಿ ಬೆಂಕಿಯಿಲ್ಲದ ಕ್ಯಾಂಪ್‌ಫೈರಿನ ಸುತ್ತ ಕುಳಿತು ಹಾಡಬೇಕು, ಬೋರ್ನ್‌ವಿಟಾ ಕುಡಿದು ಮಲಗಬೇಕು. ಬೆಂಕಿ ಹಾಕದಿರುವುದು ಕಾಡಿನ ದೃಷ್ಟಿಯಿಂದ ಬಹಳ ಒಳ್ಳೆಯ ನಿಯಮ, ಆ ಶಿಸ್ತಿನಿಂದಲೇ ಇಷ್ಟು ಕಡಿಮೆ ದುಡ್ಡಿಗೆ ಇಷ್ಟು ಜನರನ್ನು ಕ್ಷೇಮವಾಗಿ ಕರೆದೊಯ್ದು ತರಲು ಅವರಿಗೆ ಸಾಧ್ಯವಾಗಿರುವುದು. ಜನರ ನಡುವೆ ಅರಳುವವರಿಗೆ ಇದಕ್ಕಿಂತ ಒಳ್ಳೆಯದಿಲ್ಲ, ನಮ್ಮ ತಂಡದ ಮೂವರು ಇಂದಿಗೂ ವಾರಕ್ಕೊಮ್ಮೆ ಮಾತಾಡಿಕೊಳ್ಳುತ್ತಾರೆ. ನನಗೆ ಮೂರನೆಯ ದಿನಕ್ಕೇ ಕಿಟಕಿ ಬೇಕೆನಿಸಿತು.

ಹಾಸ್ಟೆಲಿನ ಚಾಕರಿಯ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಚಾರಣ ಮುಗಿದ ಮೇಲೆ ಜೂನ್ ತಿಂಗಳಿನಲ್ಲಿ ಕಾಂಗ್ರಾ ಕಣಿವೆಯ ಒಂದು ಊರಿಗೆ ಹೋದೆ. ‘ಸ್ವಯಂಸೇವಕರು ಬೇಕು, ದಿನಕ್ಕೆ ಐದು ಗಂಟೆ ಕೆಲಸ, ವಸತಿ, ಊಟ ಉಚಿತ’ ಎಂಬ ಪ್ರಕಟಣೆ ನೋಡಿ ಹೋದದ್ದು. ಆ ಕಣಿವೆಯ ಆಸೆ ಹುಟ್ಟಿದ್ದೇ ಪಠಾಣ್‌ಕೋಟಿನಿಂದ ಜೋಗಿಂದರ್ ನಗರಕ್ಕೆ ಹೋಗುವ, 1929ರಲ್ಲಿ ಶುರುವಾದ ಪುಟ್ಟ ರೈಲಿನಿಂದ, ಆದರೆ 2022ರ ಆಗಸ್ಟಿನ ಪ್ರವಾಹದಲ್ಲಿ ಚಕ್ಕೀ ನದಿಯ ಸೇತುವೆ ಬಿದ್ದುಹೋಗಿ ಪಠಾಣ್‌ಕೋಟಿನಿಂದ ರೈಲು ಹೊರಡುತ್ತಿರಲಿಲ್ಲ. ಬಸ್ಸಿನಲ್ಲಿ ಹೋದೆ. ಐದು ಗಂಟೆಯೆಂದದ್ದು ಒಂಬತ್ತಾಯಿತು. ಊಟವೆಂದದ್ದು ಬೆಳಗಿನ ತಿಂಡಿ ಮಾತ್ರವಾಯಿತು, ಉಳಿದೆರಡು ಹೊತ್ತು ಹೊರಗೆ ದುಡ್ಡು ಕೊಟ್ಟು ತಿಂದೆ. ಹಾಸಿಗೆಯ ಚಾದರ ಬದಲಿಸುವುದು, ನಸುಕಿಗೆ ಬಂದಿಳಿಯುವವರ ಆಧಾರ್ ಪ್ರತಿ ತೆಗೆದಿಡುವುದು, ಮಾಲೀಕರ ರೀಲ್ಸಿಗಾಗಿ ಮಹಡಿಯ ಮೇಲೆ ಚಹಾದ ಲೋಟ ಹಿಡಿದು ಬೆಟ್ಟ ನೋಡುತ್ತ ನಿಲ್ಲುವುದು, ಇವು ನನ್ನ ಕೆಲಸಗಳು. ಲೋಟದಲ್ಲಿ ಚಹಾ ಇರುತ್ತಿರಲಿಲ್ಲ. ಲಾಭಕ್ಕಾಗಿ ನಡೆಸುವ ವ್ಯಾಪಾರದಲ್ಲಿ ಸಂಬಳವಿಲ್ಲದೆ ದುಡಿಯುವುದಕ್ಕೆ ಸ್ವಯಂಸೇವೆಯೆಂಬ ಹೆಸರು ಸಲ್ಲುವುದಿಲ್ಲವೆಂಬುದು ಹೊಳೆಯಲು ಮೂರು ವಾರ ಹಿಡಿಯಿತು. ಅಪ್ಪನ ತೋಟದಲ್ಲಿ ಕಾಯಿ ಸುಲಿಯುವವರು ಕೂಡ ಕಾಯಿಗೆ ಇಷ್ಟೆಂದು ಮೊದಲೇ ಮಾತಾಡಿ ಕೂರುತ್ತಾರೆ. ಹೋಗುವ ಮೊದಲು ಎಷ್ಟು ಗಂಟೆ, ಎಷ್ಟು ಹೊತ್ತು ಊಟ, ವಾರಕ್ಕೆ ರಜೆ ಯಾವತ್ತು ಎಂಬುದನ್ನು ಬರಹದಲ್ಲಿ ತರಿಸಿಕೊಳ್ಳದೆ ಹೋದದ್ದು ನನ್ನ ತಪ್ಪು. ಒಂದು ಊರನ್ನು ನಿಧಾನವಾಗಿ ನೋಡಬೇಕೆನ್ನುವವರು ಆ ಮೂರು ವಾರಕ್ಕೆ ಒಂದು ಕೋಣೆ ಬಾಡಿಗೆಗೆ ಹಿಡಿಯುವುದು ಮೇಲು.

ಉಳಿದವುಗಳನ್ನು ಒಂದೊಂದು ಮಾತಿನಲ್ಲಿ ಮುಗಿಸಬಹುದು. ಊಟ ಚಾರಣದಲ್ಲೇ ಎಲ್ಲಕ್ಕಿಂತ ಚೆನ್ನಾಗಿತ್ತು. ಭಾಷೆ ಕಲಿತದ್ದು ಹಾಸ್ಟೆಲಿನಲ್ಲಿ, ನನ್ನ ಹಿಂದಿ ಹದಕ್ಕೆ ಬಂದದ್ದು ಅಲ್ಲಿ ಜಗಳವಾಡಿ. ರಾತ್ರಿ ಹೊತ್ತು ಸ್ಲೀಪರ್ ಬೋಗಿಯಲ್ಲಿ ಹೆದರಿಕೆಯಾದದ್ದು ಒಂದೇ ಸಲ, ಆಗ ಎದುರಿನ ಬರ್ತಿನ ಅಜ್ಜಿ ಏನೂ ಕೇಳದೆ ನನ್ನ ಕಾಲ ಬಳಿ ಬಂದು ಕುಳಿತುಬಿಟ್ಟರು. ಫೋಟೋಗಳಿಗಾದರೆ ಚಾರಣ, ಅದರಲ್ಲಿ ಎರಡು ಮಾತಿಲ್ಲ.

ಲೆಕ್ಕ ಹೀಗೆ: ರೈಲಿನ 45 ದಿನಗಳಿಗೆ ಟಿಕೆಟ್ಟು, ಕೋಣೆ, ಊಟ, ತಿರುಗಾಟ ಎಲ್ಲ ಸೇರಿ 27,000 ರೂಪಾಯಿ, ಅಂದರೆ ದಿನಕ್ಕೆ 600. ಚಾರಣಕ್ಕೆ ಬೂಟು ಕೊಂಡದ್ದೂ ಸೇರಿ 16,500. ‘ಉಚಿತ’ವಾಗಿದ್ದ ಹಾಸ್ಟೆಲಿಗೆ ಮೂರು ವಾರದಲ್ಲಿ 9,000. ಸುತ್ತು ಟಿಕೆಟ್ಟಿನಲ್ಲಿ ಉಳಿದ ಸಾವಿರ ರೂಪಾಯಿಯನ್ನು ಒಂಟಿ ಕೋಣೆಯ ಹೆಚ್ಚಿನ ಬಾಡಿಗೆ ನುಂಗಿಹಾಕಿತೆಂಬುದು ನಿಜ. ಆದರೂ ನಾನು ಅದಕ್ಕೇ ಮತ ಹಾಕುವುದು ಎರಡು ಕಾರಣಕ್ಕೆ. ಒಂದು, ದಿನಾಂಕವಿಲ್ಲದೆ ತೂಗಾಡುತ್ತಿದ್ದ ಆ ಕಾಲದಲ್ಲಿ ನನ್ನ ಕೈಯಲ್ಲಿ ಒಂಬತ್ತು ದಿನಾಂಕಗಳಿದ್ದ ಒಂದು ಕಾಗದವಿತ್ತು, ಯಾವ ದಿನ ಎಲ್ಲಿರಬೇಕೆಂಬುದನ್ನು ನಾನೇ ಬರೆದಿದ್ದೆ. ಎರಡು, ಯಾರ ಸೀಟಿಗೂ ಏಳಬೇಕಿರಲಿಲ್ಲ. ಅರವತ್ತು ಸಾವಿರದ ಬದಲು ಇಪ್ಪತ್ತು ಸಾವಿರ ಮಾತ್ರ ಇದ್ದು, ಹದಿನೈದೇ ದಿನ ಬಿಡುವಿದ್ದು, ಒಬ್ಬರೇ ಕೂತು ಬೇಸರಪಡುವ ಜಾಯಮಾನದವರಾದರೆ ಚಾರಣಕ್ಕೇ ಹೋಗಿ ಎನ್ನುತ್ತೇನೆ.

ಸೇರುವ ದಿನಾಂಕ 2023ರ ಆಗಸ್ಟಿನಲ್ಲಿ ಬಂತು. ಈಗ ವರ್ಷಕ್ಕೆ ಸಿಗುವ ರಜೆಯಲ್ಲಿ ಎಂಟು ನಿಲುಗಡೆಯ ಸುತ್ತು ಹಿಡಿಸುವುದಿಲ್ಲ, ಹಾಗಾಗಿ ದಕ್ಷಿಣದಲ್ಲೇ ಮುಗಿಯುವ ನಾಲ್ಕು ನಿಲುಗಡೆಯ ಸುತ್ತೊಂದನ್ನು ಹಾಕಿ, ಅರ್ಜಿಯ ಕರಡನ್ನು ಊರಿನಲ್ಲಿ ಟಿವಿಯ ಪಕ್ಕ ಇಟ್ಟು ಬಂದಿದ್ದೆ. ಮುಂದಿನ ಸಲ ಹೋದಾಗ ಅದರಲ್ಲಿ ಮಧುರೆಯ ಮುಂದೆ ಅಮ್ಮನ ಕೈಬರಹದಲ್ಲಿ ‘ರಾಮೇಶ್ವರ ಸೇರಿಸು’ ಎಂದಿತ್ತು, ಪ್ರಯಾಣಿಕರ ಸಂಖ್ಯೆಯ ಜಾಗದಲ್ಲಿ ನಾನು ಬರೆದಿದ್ದ ಒಂದನ್ನು ತಿದ್ದಿ ಎರಡು ಮಾಡಲಾಗಿತ್ತು. ಇಬ್ಬರಿದ್ದರೆ ಧರ್ಮಶಾಲೆಯಲ್ಲಿ ಕೋಣೆ ಸಿಗುತ್ತದೆ.